ವಿಲಿಯಂ ರಾಕ್ಸ್‌ಬರ್ಗ್

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ ಉಳವಿ ಎಂಬ ಊರಿದೆ. ಆ ಸೀಮೆಯ ಕಾಡುಗಳಲ್ಲಿ ಬೆಳೆಯುವ ಹೊನ್ನೆ ಮತ್ತು ಬೀಟೆ ಮರಗಳನ್ನು ಅರಿಯದ ಮಲೆನಾಡಿಗರಿಲ್ಲ. ಹೊನ್ನೆಯ ತೊಗಟೆಗೆ ಕೊಡಲಿ ತಾಗಿದರೆ ನೆತ್ತರಿನಂಥ ಕೆಂಪು ಅಂಟು ಒಸರುತ್ತದೆ. ಬೀಟೆಯ ಕರಿಯ ಚೇಗು ಬಾಗಿಲು, ಮಂಚ, ಪೆಟ್ಟಿಗೆಗಳಿಗೆ ಹೆಸರಾದುದು. ಸಸ್ಯಶಾಸ್ತ್ರದ ಗ್ರಂಥಗಳನ್ನು ತೆರೆದರೆ, ಈ ಎರಡು ಮರಗಳ ಶಾಸ್ತ್ರೀಯ ನಾಮಗಳ ಕೊನೆಯಲ್ಲಿಯೂ ಒಬ್ಬನೇ ವಿದ್ವಾಂಸನ ಹೆಸರಿನ ಸಂಕ್ಷೇಪ ಕಾಣುತ್ತದೆ. ದೂರದ ಸಾಗರಮಧ್ಯದ ಒಂದು ದ್ವೀಪದಲ್ಲಿ ಬೆಳೆದು, ಇಂದು ಭೂಮಿಯ ಮೇಲೆ ಎಲ್ಲಿಯೂ ಇಲ್ಲದ ಮರವೊಂದನ್ನು ಶಾಸ್ತ್ರಲೋಕಕ್ಕೆ ಪರಿಚಯಿಸಿದವನೂ ಆತನೇ. ಅವನೇ ವಿಲಿಯಂ ರಾಕ್ಸ್‌ಬರ್ಗ್.

ರಾಕ್ಸ್‌ಬರ್ಗನು 1751ರಲ್ಲಿ ಸ್ಕಾಟ್ಲೆಂಡಿನ ಏರ್‌ಷೈರ್ ಪ್ರಾಂತದಲ್ಲಿ ಜನಿಸಿದನು. ಎಡಿನ್‌ಬರೋ ನಗರದಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಾಸ ಮಾಡುತ್ತಿರುವಾಗ ಜಾನ್ ಹೋಪ್ ಎಂಬ ಪ್ರಾಧ್ಯಾಪಕನಿಂದ ಸಸ್ಯಶಾಸ್ತ್ರದ ಪಾಠವಾಯಿತು. ಗಿಡಮೂಲಿಕೆಗಳನ್ನು ಬಲ್ಲವನೇ ಒಳ್ಳೆಯ ವೈದ್ಯನೆಂದು ತಿಳಿಯುತ್ತಿದ್ದ ಕಾಲ ಅದು. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ವೈದ್ಯನಾಗಿ ದುಡಿದ ಬಳಿಕ ಆತನು 1776ರಲ್ಲಿ ಮದರಾಸಿನ ವೈದ್ಯ ಸೇವೆಗೆ ಸೇರಿದನು. 1781ರಲ್ಲಿ ಗೋದಾವರಿ ಸೀಮೆಯ ಸಾಮಲಕೋಟೆಗೆ ಅವನ ನೇಮಕವಾಯಿತು. ರೋಗಿಗಳ ಸೇವೆಯಿಂದ ಬಿಡುವು ದೊರೆತಾಗಲೆಲ್ಲ ಕಾಡುಮೇಡುಗಳನ್ನು ಸುತ್ತಿ ಗಿಡಗಳನ್ನು ಸಂಗ್ರಹಿಸಿದನು. ಮೆಣಸಿನ ಬಳ್ಳಿಗಳನ್ನು ಬೆಳೆಸಿ ಪರೀಕ್ಷಿಸಿದನು. ಮಳೆ, ಗಾಳಿ, ಉಷ್ಣತೆಗಳ ಲೆಕ್ಕವನ್ನು ಬಿಡದೆ ಬರೆದಿಟ್ಟನು.

1787ರ ಮೇ ತಿಂಗಳಿನಲ್ಲಿ ಆ ಕರಾವಳಿಗೆ ಭೀಕರ ಚಂಡಮಾರುತ ಅಪ್ಪಳಿಸಿತು. ಸಮುದ್ರವು ಉಕ್ಕಿ ಊರುಗಳು ಮುಳುಗಿದವು. ರಾಕ್ಸ್‌ಬರ್ಗನ ಪುಸ್ತಕಗಳೂ ಬರೆಹಗಳೂ ಒಣಗಿಸಿಟ್ಟ ಸಸ್ಯಗಳೂ ನೀರುಪಾಲಾದವು. ವರ್ಷಗಳ ಶ್ರಮ ಒಂದೇ ದುರಂತದಲ್ಲಿ ನಾಶವಾದರೂ ಅವನು ಎದೆಗುಂದಲಿಲ್ಲ. ಮೊದಲ ಗಿಡದಿಂದ ಮತ್ತೆ ಆರಂಭಿಸಿದನು. ಈ ದೇಶದ ಚಿತ್ರಕಾರರನ್ನು ನೇಮಿಸಿಕೊಂಡು ಪ್ರತಿಯೊಂದು ಸಸ್ಯದ ಎಲೆ, ಹೂ, ಕಾಯಿಗಳನ್ನು ಯಥಾವತ್ತಾಗಿ ಬರೆಯಿಸಿದನು. ಮುಂದೆ ಹೀಗೆ ಸಿದ್ಧವಾದ ಚಿತ್ರಗಳ ಸಂಖ್ಯೆ 2,500ನ್ನು ಮೀರಿತು. ಅವುಗಳಲ್ಲಿ 300ನ್ನು ಆರಿಸಿ, ಕೋರಮಂಡಲ ತೀರದ ಸಸ್ಯಗಳನ್ನು ಕುರಿತ ಮೂರು ಸಂಪುಟಗಳನ್ನು 1795ರಿಂದ 1820ರವರೆಗೆ ಲಂಡನ್ನಿನಲ್ಲಿ ಪ್ರಕಟಿಸಲಾಯಿತು. ತೆಲುಗು ನಾಡಿನಲ್ಲಿ ಬರಗಾಲ ತಲೆದೋರಿ ಜನರು ಅನ್ನವಿಲ್ಲದೆ ಸಾಯುತ್ತಿದ್ದುದನ್ನು ಕಂಡಾಗ, ಮಳೆ ತಪ್ಪಿದರೂ ಆಹಾರ ನೀಡಬಲ್ಲ ತೆಂಗು, ಹಲಸು ಮೊದಲಾದ ಮರಗಳನ್ನು ನೆಡಿಸಬೇಕೆಂದು ಸರ್ಕಾರಕ್ಕೆ ಬರೆದನು.

1793ರಲ್ಲಿ ಅವನು ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕನಾದನು. ಇಪ್ಪತ್ತು ವರ್ಷಗಳ ಅವನ ದುಡಿಮೆಯಿಂದ ಆ ತೋಟದ ಸಸ್ಯಪ್ರಭೇದಗಳು ಸುಮಾರು 3,500ಕ್ಕೆ ಏರಿದವು. ಆದರೆ ದೇಹ ದಣಿದಿತ್ತು. 1813ರಲ್ಲಿ ಅನಾರೋಗ್ಯದ ನಿಮಿತ್ತ ಭಾರತವನ್ನು ಬಿಟ್ಟು ಸ್ವದೇಶಕ್ಕೆ ಹೊರಟನು. ದಾರಿಯಲ್ಲಿ ವಿಶ್ರಾಂತಿಗಾಗಿ ಇಳಿದುದು ಸೇಂಟ್ ಹೆಲೆನಾ ದ್ವೀಪದಲ್ಲಿ.

ಆಫ್ರಿಕದ ಪಶ್ಚಿಮ ತೀರದಿಂದ ಸುಮಾರು 1,900 ಕಿಲೋಮೀಟರು ದೂರದಲ್ಲಿ, ಸಾಗರತಳದ ಜ್ವಾಲಾಮುಖಿಯಿಂದ ಮೇಲೆದ್ದ ನೆಲ ಅದು. ನಮ್ಮ ಮಲ್ಪೆಯ ಬಳಿಯ ಸೇಂಟ್ ಮೇರೀಸ್ ದ್ವೀಪವೂ ಜ್ವಾಲಾಮುಖಿಯ ಶಿಲೆಯೇ. ಆದರೆ ಅದಕ್ಕೆ ಕರಾವಳಿ ಸಮೀಪದಲ್ಲಿದೆ. ಸೇಂಟ್ ಹೆಲೆನಾಕ್ಕೆ ಅಂತಹ ನೆರೆಯಿಲ್ಲ. ಗಾಳಿ, ಅಲೆ, ಹಕ್ಕಿಗಳ ಮೂಲಕ ಎಂದೋ ಬಂದು ಬೇರೂರಿದ ಕೆಲವೇ ಬೀಜಗಳ ಸಂತತಿ ಲಕ್ಷಾಂತರ ವರ್ಷಗಳಲ್ಲಿ ಮಾರ್ಪಟ್ಟು, ಜಗತ್ತಿನ ಬೇರೆಲ್ಲಿಯೂ ಕಾಣದ ಸಸ್ಯಗಳಾಯಿತು. ಸೇವಂತಿಗೆಯ ಕುಟುಂಬದ ಸಸ್ಯವು ಅಲ್ಲಿ ಬಿಳಿಯ ಹೂ ಬಿಡುವ ಗಮ್‌ವುಡ್ ಎಂಬ ಮರವಾಗಿದೆ. ದಾಸವಾಳದ ಕುಟುಂಬದ್ದು ಎಬೊನಿ ಎಂಬ ಗಿಡವಾಗಿದೆ. ಎಲಚಿಯ ಕುಟುಂಬಕ್ಕೆ ಸೇರಿದ, ನಸುಗೆಂಪು ಹೂಗಳ ಆಲಿವ್ ಎಂಬ ಮರವೂ ಅಲ್ಲಿತ್ತು.

ಮೇಯುವ ಮೃಗಗಳಿಲ್ಲದ ನೆಲದಲ್ಲಿ ಬೆಳೆದ ಈ ಸಸ್ಯಗಳಿಗೆ ಆತ್ಮರಕ್ಷಣೆಯ ಉಪಾಯ ತಿಳಿದಿರಲಿಲ್ಲ. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಬಿಟ್ಟ ಆಡುಗಳು ಎಳೆಯ ಸಸಿಗಳನ್ನೆಲ್ಲ ತಿಂದವು. ಜನರು ಸೌದೆಗಾಗಿ ಮರಗಳನ್ನು ಕಡಿದರು. ಮುದಿಮರ ಬಿದ್ದ ಎಡೆಯಲ್ಲಿ ಹೊಸ ಮರ ಏಳಲಿಲ್ಲ.

ಇಂತಹ ದ್ವೀಪದಲ್ಲಿ ರೋಗಿಯಾಗಿದ್ದ ರಾಕ್ಸ್‌ಬರ್ಗನು ಸುಮ್ಮನೆ ಕುಳಿತಿರಲಿಲ್ಲ. ಅಲ್ಲಿನ ಸಸ್ಯಗಳನ್ನು ಹುಡುಕಿ, ಹೆಸರಿಟ್ಟು, ಲಕ್ಷಣಗಳನ್ನು ಬರೆದು ಒಂದು ಪಟ್ಟಿಯನ್ನು ಸಿದ್ಧಗೊಳಿಸಿದನು. ಗಮ್‌ವುಡ್ಡಿಗೂ ಆಲಿವ್‌ಗೂ ಶಾಸ್ತ್ರೀಯ ನಾಮಗಳನ್ನು ಮೊದಲು ಕೊಟ್ಟವನು ಅವನೇ. 1815ರಲ್ಲಿ ಎಡಿನ್‌ಬರೋದಲ್ಲಿ ಅವನು ಕಾಲವಾದನು. ಮರುವರ್ಷ ಆ ಪಟ್ಟಿಯು ದ್ವೀಪದ ಮಾಜಿ ಗವರ್ನರ್ ಅಲೆಗ್ಸಾಂಡರ್ ಬೀಟ್ಸನನ ಗ್ರಂಥದಲ್ಲಿ ಅಚ್ಚಾಯಿತು. ಈ ಬೀಟ್ಸನನು 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಭಾಗವಹಿಸಿ, ಆ ಯುದ್ಧದ ಚರಿತ್ರೆಯನ್ನು ಬರೆದವನು. ಭಾರತದ ಸಸ್ಯಗಳನ್ನು ಕುರಿತ ರಾಕ್ಸ್‌ಬರ್ಗನ ಮಹಾಗ್ರಂಥವನ್ನು 1820ರಿಂದ ಅಚ್ಚಿಗೆ ತಂದವನು ಸಿರಾಂಪುರದ ವಿಲಿಯಂ ಕೇರಿ. 1817ರಲ್ಲಿ ಕನ್ನಡ ವ್ಯಾಕರಣವನ್ನು ಪ್ರಕಟಿಸಿದ ಕೇರಿಯೂ ಈತನೇ.

ರಾಕ್ಸ್‌ಬರ್ಗನು ಆ ದ್ವೀಪದಲ್ಲಿ ಹೆಸರಿಸಿದ ಸಸ್ಯಗಳಲ್ಲಿ ಒಂದು 19ನೆಯ ಶತಮಾನದಲ್ಲಿಯೇ ಅಳಿಯಿತು. ಕಾಡಿನಲ್ಲಿ ಉಳಿದಿದ್ದ ಕೊನೆಯ ಆಲಿವ್ ಮರ 1994ರಲ್ಲಿ ಸತ್ತಿತು. ತೋಟದಲ್ಲಿ ಸಾಕಿದ್ದ ಕೊನೆಯ ಗಿಡವೂ 2003ರಲ್ಲಿ ಒಣಗಿಹೋಯಿತು. ಆದರೆ ಎಲ್ಲವೂ ಹೀಗಾಗಲಿಲ್ಲ. ನಾಶವಾಯಿತೆಂದೇ ಜನರು ನಂಬಿದ್ದ ಎಬೊನಿಯ ಎರಡು ಗಿಡಗಳು 1980ರಲ್ಲಿ ಕಡಿದಾದ ಬಂಡೆಯೊಂದರ ಮೇಲೆ ಕಂಡುಬಂದವು. ಅವುಗಳ ಕಡ್ಡಿಗಳಿಂದ ಸಾವಿರಾರು ಸಸಿಗಳನ್ನು ಬೆಳೆಸಲಾಗಿದೆ. ಬರಡಾಗಿದ್ದ ನೆಲದಲ್ಲಿ 2000ದಲ್ಲಿ ದ್ವೀಪದ ಜನರು ತಾವೇ ಸೇರಿ ಗಮ್‌ವುಡ್ ಸಸಿಗಳನ್ನು ನೆಡತೊಡಗಿದರು.

ಹೆಸರಿಟ್ಟ ಮಾತ್ರಕ್ಕೆ ಮರ ಉಳಿಯುವುದಿಲ್ಲ. ಆದರೆ ಹೆಸರನ್ನೇ ಅರಿಯದ ಮರ ಕಣ್ಮರೆಯಾದಾಗ, ಏನನ್ನು ಕಳೆದುಕೊಂಡೆವೆಂಬುದೂ ನಮಗೆ ತಿಳಿಯುವುದಿಲ್ಲ. ರಾಕ್ಸ್‌ಬರ್ಗನ ಬರೆಹ ಅಳಿದ ಆಲಿವ್‌ಗೆ ಸಾಕ್ಷಿಯಾಗಿ ಉಳಿದಿದೆ. ಉಳವಿಯ ಸೀಮೆಯ ಹೊನ್ನೆ, ಬೀಟೆಗಳಿಗೆ ಇನ್ನೂ ಅಂತಹ ಸಾಕ್ಷಿಯ ಅಗತ್ಯ ಬಂದಿಲ್ಲ. ಬಾರದಂತೆ ನೋಡಿಕೊಳ್ಳುವುದು ಅವುಗಳ ನೆರಳಿನಲ್ಲಿ ಬೆಳೆಯುವವರ ಹೊಣೆ.