ಕಾನ್ ಸ್ಮೈಥ್: ಬೇಡ ಅಂದ ಟ್ರೇಡ್, ಬಂದ ಐದು ಕಪ್

ಊರಲ್ಲಿದ್ದಾಗ ನಮಗೆ ಹಾಕಿ ಅಂದರೆ ಕೊಡಗು. ಮೈದಾನ, ಕೋಲು, ಚೆಂಡು, ಕೊಡವ ಮನೆತನಗಳ ಹಾಕಿ ಹಬ್ಬ. ಟೊರೊಂಟೊಗೆ ಬಂದಿಳಿದ ಮೇಲೆ ಗೊತ್ತಾಯಿತು, ಇಲ್ಲಿ ಹಾಕಿ ಅಂದರೆ ಐಸ್ ಮೇಲಿನ ಆಟ ಒಂದೇ. ಅದಕ್ಕಿಂತ ಆಶ್ಚರ್ಯ ಅಂದರೆ, ಇಲ್ಲಿನ ಜನ ಆಟ ನೋಡುವಷ್ಟೇ ಆಸಕ್ತಿಯಿಂದ ಆಟಗಾರರ ಅದಲುಬದಲಿನ ಬಗ್ಗೆ ಜಗಳ ಆಡುತ್ತಾರೆ. 2025ರ ಬೇಸಿಗೆಯಲ್ಲಿ ಮಿಚ್ ಮಾರ್ನರ್ ಮೇಪಲ್ ಲೀಫ್ಸ್ ಬಿಟ್ಟು ವೇಗಾಸ್‌ಗೆ ಹೋದಾಗ, ಬಿಟ್ಟಿದ್ದು ಸರಿಯಾ ತಪ್ಪಾ ಅನ್ನುವ ವಾದ ಈ ಊರಲ್ಲಿ ನಿಲ್ಲಲೇ ಇಲ್ಲ. ಎಲ್ಲರೂ ಕೊನೆಗೆ ಬೈಯುತ್ತಿದ್ದದ್ದು ಒಬ್ಬರನ್ನೇ, ಜನರಲ್ ಮ್ಯಾನೇಜರ್‌ರನ್ನು.

ನಮಗೆ ಇದು ಹೊಸದೇನಲ್ಲ ಬಿಡಿ. ಆರ್‌ಸಿಬಿ ಕೆ.ಎಲ್. ರಾಹುಲ್‌ನ ಬಿಟ್ಟುಕೊಟ್ಟಾಗ ನಮ್ಮ ಹಾಸ್ಟೆಲ್‌ನಲ್ಲಿ ಎಷ್ಟು ರಾತ್ರಿ ನಿದ್ದೆ ಕೆಟ್ಟಿದ್ದೆವು! ಹರಾಜಿನ ದಿನ ನಾವೆಲ್ಲ ಮ್ಯಾನೇಜರ್‌ಗಳೇ. ಹಾಗಾಗಿ ಈ ಸಲದ ಪುಸ್ತಿಕೆಗೆ, ಟೊರೊಂಟೊದ ಈ ವಾದಗಳಿಗೆಲ್ಲ ಮೂಲಪುರುಷ ಅನ್ನಬಹುದಾದ ಒಬ್ಬರ ಕಥೆ ಬರೆಯೋಣ ಅನ್ನಿಸಿತು. ಅವರು ಕಾನ್ ಸ್ಮೈಥ್. ಮೇಪಲ್ ಲೀಫ್ಸ್ ಕಟ್ಟಿದವರು. ಅವರೂ ನಮ್ಮ ಹಾಗೆ ಇಂಜಿನಿಯರಿಂಗ್ ಓದಿದವರು ಅನ್ನೋದು ನಮಗೆ ಸಿಕ್ಕ ಬೋನಸ್.

ಸ್ಮೈಥ್ ಹುಟ್ಟಿದ್ದು 1895ರ ಫೆಬ್ರವರಿ 1ರಂದು, ಟೊರೊಂಟೊದಲ್ಲೇ. ತಂದೆ ಆಲ್ಬರ್ಟ್ ಐರ್ಲೆಂಡಿನಿಂದ ವಲಸೆ ಬಂದ ಪತ್ರಕರ್ತರು. ನಮ್ಮಲ್ಲಿ ಆನಿ ಬೆಸೆಂಟ್ ಹೆಸರಿನ ಜೊತೆ ಕೇಳಿಬರುವ ಥಿಯೋಸಾಫಿಕಲ್ ಸೊಸೈಟಿ ಇದೆಯಲ್ಲ, ಅದನ್ನು ಕೆನಡಾದಲ್ಲಿ ಬೆಳೆಸಿದವರಲ್ಲಿ ಆಲ್ಬರ್ಟ್ ಕೂಡ ಒಬ್ಬರು. ಮನೆಯಲ್ಲಿ ಪುಸ್ತಕ ಇತ್ತು, ದುಡ್ಡು ಇರಲಿಲ್ಲ. ತಾಯಿ ಬೇಗ ತೀರಿಕೊಂಡರು. ಹುಡುಗ ಯೂನಿವರ್ಸಿಟಿ ಆಫ್ ಟೊರೊಂಟೊದಲ್ಲಿ ಇಂಜಿನಿಯರಿಂಗ್ ಸೇರಿದರು. ಕಾಲೇಜಿನ ಜೂನಿಯರ್ ಹಾಕಿ ತಂಡಕ್ಕೆ ಕ್ಯಾಪ್ಟನ್ ಆಗಿ 1915ರಲ್ಲಿ ಒಂಟಾರಿಯೊ ಪ್ರಾಂತ್ಯದ ಪ್ರಶಸ್ತಿ ಗೆದ್ದರು. ಆಮೇಲೆ ಓದು ಅರ್ಧಕ್ಕೆ ಬಿಟ್ಟು ಮೊದಲ ಮಹಾಯುದ್ಧಕ್ಕೆ ಹೊರಟರು.

ಯುದ್ಧದಲ್ಲಿ ಮೊದಲು ಫಿರಂಗಿ ದಳ. ಅಲ್ಲಿ ಮಿಲಿಟರಿ ಕ್ರಾಸ್ ಪದಕ ಬಂತು. ನಂತರ ವಿಮಾನ ದಳಕ್ಕೆ ಹೋದರು. 1917ರ ಅಕ್ಟೋಬರ್‌ನಲ್ಲಿ ಜರ್ಮನ್ನರು ಅವರ ವಿಮಾನ ಹೊಡೆದುರುಳಿಸಿದರು. ಒಂದು ವರ್ಷಕ್ಕೂ ಹೆಚ್ಚು ಕಾಲ ಯುದ್ಧಕೈದಿಯಾಗಿದ್ದು ಬದುಕಿ ಬಂದರು. ವಾಪಸ್ ಬಂದು, ಬಿಟ್ಟಿದ್ದ ಓದು ಮುಗಿಸಿ 1920ರಲ್ಲಿ ಡಿಗ್ರಿ ತಗೊಂಡರು. ಹೊಟ್ಟೆಪಾಡಿಗೆ ಮರಳು, ಜಲ್ಲಿ ವ್ಯಾಪಾರ ಶುರು ಮಾಡಿದರು. ಸಂಜೆಯ ಹೊತ್ತು ಯೂನಿವರ್ಸಿಟಿಯ ಹಾಕಿ ಹುಡುಗರಿಗೆ ಕೋಚ್.

ಜನರಲ್ ಮ್ಯಾನೇಜರ್ ಕೆಲಸ ಸಿಕ್ಕಿದ್ದು 1926ರಲ್ಲಿ. ನ್ಯೂಯಾರ್ಕ್‌ನಲ್ಲಿ ರೇಂಜರ್ಸ್ ಅನ್ನುವ ಹೊಸ ತಂಡ ಹುಟ್ಟುತ್ತಿತ್ತು. ಆಟಗಾರರನ್ನು ಹುಡುಕಿ ತರೋದು ಸ್ಮೈಥ್ ಜವಾಬ್ದಾರಿ. ಅವರು ಬಿಲ್ ಕುಕ್, ಬನ್ ಕುಕ್, ಫ್ರಾಂಕ್ ಬೌಷರ್, ಚಿಂಗ್ ಜಾನ್ಸನ್ ಅಂಥವರನ್ನು ಹೆಕ್ಕಿ ತಂದರು. ಆದರೆ ಆಗಿನ ಕಾಲದ ದೊಡ್ಡ ಗೋಲುಗಾರ ಬೇಬ್ ಡೈನ ತಗೊಳ್ಳಲಿಲ್ಲ. ಅವನು ತನಗೋಸ್ಕರ ಆಡುತ್ತಾನೆ, ತಂಡಕ್ಕೋಸ್ಕರ ಅಲ್ಲ ಅನ್ನೋದು ಅವರ ಲೆಕ್ಕ. ಮಾಲೀಕರಿಗೆ ಇದು ಸರಿಬರಲಿಲ್ಲ. ಸೀಸನ್ ಶುರುವಾಗುವ ಮೊದಲೇ ಸ್ಮೈಥ್‌ರನ್ನು ಕೆಲಸದಿಂದ ತೆಗೆದು, ಲೆಸ್ಟರ್ ಪ್ಯಾಟ್ರಿಕ್‌ರನ್ನು ಕೂರಿಸಿದರು.

ಈಗ ನಾವೇ ತೀರ್ಪು ಕೊಡೋಣ. ಬೇಬ್ ಡೈ ಷಿಕಾಗೊ ಸೇರಿ ಆ ಸೀಸನ್‌ನಲ್ಲೇ 25 ಗೋಲು ಹೊಡೆದ. ಅಂದರೆ ಸ್ಮೈಥ್ ತಪ್ಪು. ಮರುವರ್ಷ ತರಬೇತಿಯಲ್ಲಿ ಅವನ ಕಾಲು ಮುರಿಯಿತು, ಹಳೆಯ ಆಟ ಮತ್ತೆ ಬರಲೇ ಇಲ್ಲ. ಅಂದರೆ ಸ್ಮೈಥ್ ಸರಿ? ಕಾಲು ಮುರಿಯುತ್ತದೆ ಅಂತ ಸ್ಮೈಥ್‌ಗೇನು ಕನಸು ಬಿದ್ದಿತ್ತಾ? ಇತ್ತ ಅವರು ಹೆಕ್ಕಿ ತಂದ ಹುಡುಗರನ್ನೇ ಇಟ್ಟುಕೊಂಡು ರೇಂಜರ್ಸ್ 1928ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದರು. ಕಪ್ ಎತ್ತಿದಾಗ ಪಕ್ಕದಲ್ಲಿ ಸ್ಮೈಥ್ ಇರಲಿಲ್ಲ. ಮ್ಯಾನೇಜರ್ ಕೆಲಸದ ಮೊದಲ ಪಾಠ ಇದೇ ಇರಬೇಕು. ಬಿತ್ತಿದವನೇ ಕೊಯ್ಯುತ್ತಾನೆ ಅಂತ ಏನೂ ಇಲ್ಲ.

ಸ್ಮೈಥ್ ಸುಮ್ಮನೆ ಕೂರುವ ಜಾತಿ ಅಲ್ಲ. 1927ರಲ್ಲಿ ಟೊರೊಂಟೊದ ಸೇಂಟ್ ಪ್ಯಾಟ್ಸ್ ತಂಡ ಮಾರಾಟಕ್ಕೆ ಬಂತು. ಬೇರೆ ಊರಿನವರು ಹೆಚ್ಚು ಬೆಲೆ ಕೊಡಲು ರೆಡಿ ಇದ್ದರು. ತಂಡ ಊರಲ್ಲೇ ಉಳಿಯಬೇಕು ಅಂತ ಸ್ಮೈಥ್ ಒಂದಷ್ಟು ಹೂಡಿಕೆದಾರರನ್ನು ಒಟ್ಟುಗೂಡಿಸಿ 1,60,000 ಡಾಲರ್‌ಗೆ ಕೊಂಡರು. ಹೆಸರು ಬದಲಾಯಿಸಿ ಮೇಪಲ್ ಲೀಫ್ಸ್ ಅಂತ ಇಟ್ಟರು.

1930ರಲ್ಲಿ ಅವರ ಕಣ್ಣು ಬಿದ್ದಿದ್ದು ಆಟವಾ ತಂಡದ ಕಿಂಗ್ ಕ್ಲ್ಯಾನ್ಸಿ ಮೇಲೆ. ಆಟವಾ ತಂಡ ದುಡ್ಡಿಲ್ಲದೆ ಒದ್ದಾಡುತ್ತಿತ್ತು. ಇತ್ತ ಲೀಫ್ಸ್ ಪಾಲುದಾರರು 25,000 ಡಾಲರ್ ಮೇಲೆ ಬಿಚ್ಚಲು ತಯಾರಿರಲಿಲ್ಲ. ಆಗ ಸ್ಮೈಥ್ ಹತ್ತಿರ ರೇರ್ ಜುವೆಲ್ ಅನ್ನುವ ಕುದುರೆ ಇತ್ತು. ಅದು ಗೆಲ್ಲುತ್ತೆ ಅಂತ ಯಾರೂ ನಂಬಿರಲಿಲ್ಲ. ಒಂದಕ್ಕೆ ನೂರಕ್ಕೂ ಮೇಲೆ ಕೊಡುವ ರೇಟ್ ಇತ್ತು. ಸ್ಮೈಥ್ ಅದರ ಮೇಲೇ ದುಡ್ಡು ಕಟ್ಟಿದರು. ಆ ದಿನ ಅದು ಗೆದ್ದೇಬಿಟ್ಟಿತು! ಆ ದುಡ್ಡನ್ನೂ ಸೇರಿಸಿ, 35,000 ಡಾಲರ್ ಮತ್ತು ಇಬ್ಬರು ಆಟಗಾರರನ್ನು ಕೊಟ್ಟು ಕ್ಲ್ಯಾನ್ಸಿಯನ್ನು ತಂದರು. ಆರ್ಥಿಕ ಕುಸಿತ ಶುರುವಾಗಿದ್ದ ಕಾಲದಲ್ಲಿ ಒಬ್ಬ ಆಟಗಾರನಿಗೆ ಇಷ್ಟು ದುಡ್ಡು ಅಂದರೆ ಹುಚ್ಚೇ ಸರಿ. ಆದರೆ ಕ್ಲ್ಯಾನ್ಸಿ ಬಂದ ಮೇಲೆ ತಂಡಕ್ಕೆ ಜೀವ ಬಂತು.

ತಂಡ ಆಯಿತು, ಇನ್ನು ಮನೆ ಬೇಕಲ್ಲ. ಮಹಾ ಕುಸಿತದ ನಡುವೆಯೇ ಸ್ಮೈಥ್ ದೊಡ್ಡದೊಂದು ಕ್ರೀಡಾಂಗಣ ಕಟ್ಟಲು ಹೊರಟರು. ದುಡ್ಡು ಸಾಲಲಿಲ್ಲ. ಆಗ ಅವರ ಸಹಾಯಕ್ಕೆ ಬಂದವರು ಫ್ರಾಂಕ್ ಸೆಲ್ಕಿ. ಈ ಹೆಸರು ನೆನಪಿಟ್ಟುಕೊಳ್ಳಿ. ಸೆಲ್ಕಿ ಎಲೆಕ್ಟ್ರಿಷಿಯನ್ ಆಗಿದ್ದವರು, ಕಾರ್ಮಿಕ ಸಂಘದ ಜನರ ಒಡನಾಟ ಇತ್ತು. ಕೂಲಿಯ ಐದನೇ ಒಂದು ಭಾಗವನ್ನು ಷೇರುಗಳ ರೂಪದಲ್ಲಿ ತಗೊಳ್ಳಿ ಅಂತ ಕೆಲಸಗಾರರನ್ನು ಒಪ್ಪಿಸಿದರು. 1931ರ ಜೂನ್‌ನಲ್ಲಿ ಶುರುವಾದ ಮೇಪಲ್ ಲೀಫ್ ಗಾರ್ಡನ್ಸ್ ಕೆಲಸ ನವೆಂಬರ್ 12ಕ್ಕೆ ಮೊದಲ ಪಂದ್ಯಕ್ಕೆ ಸಿದ್ಧ. ನಮ್ಮ ಪ್ರಾಜೆಕ್ಟ್ ರಿಪೋರ್ಟ್ ಮುಗಿಯುವುದಕ್ಕೇ ಅದಕ್ಕಿಂತ ಜಾಸ್ತಿ ದಿನ ಬೇಕು! ಮೊದಲ ಪಂದ್ಯ ಷಿಕಾಗೊ ಎದುರು 2-1ರಿಂದ ಸೋತರು. ಆದರೆ 1932ರ ವಸಂತದಲ್ಲಿ ಸ್ಟ್ಯಾನ್ಲಿ ಕಪ್ ಬಂತು. ಫೈನಲ್‌ನಲ್ಲಿ ಸೋತವರು ಯಾರು ಅಂತೀರಾ? ಸ್ಮೈಥ್‌ರನ್ನು ಮನೆಗೆ ಕಳಿಸಿದ್ದ ಅದೇ ರೇಂಜರ್ಸ್.

ಅಲ್ಲಿಂದ ಮುಂದೆ 1940ರವರೆಗೆ ಆರು ಸಲ ಫೈನಲ್ ತಲುಪಿ ಆರೂ ಸಲ ಸೋತರು. ಈ ಸಲ ಕಪ್ ನಮ್ದೇ ಅಂತ ವರ್ಷವರ್ಷ ಕೂಗಿದ ನಮಗೆ ಆ ಅಭಿಮಾನಿಗಳ ಸಂಕಟ ಯಾರೂ ಬಿಡಿಸಿ ಹೇಳಬೇಕಿಲ್ಲ.

ಎರಡನೇ ಮಹಾಯುದ್ಧ ಬಂತು. ಸ್ಮೈಥ್‌ಗೆ ಆಗ 45 ದಾಟಿತ್ತು. ಆದರೂ ಸೇನೆ ಸೇರಿ, ಕ್ರೀಡಾಪಟುಗಳೂ ಇದ್ದ ಒಂದು ವಿಮಾನ ನಿರೋಧಕ ಫಿರಂಗಿ ದಳ ಕಟ್ಟಿ ಯುರೋಪಿಗೆ ಹೋದರು. ತಂಡದ ಜವಾಬ್ದಾರಿ ಸೆಲ್ಕಿ ಕೈಗೆ ಬಂತು.

ನಮ್ಮ ಕಥೆಯ ಮುಖ್ಯ ಟ್ರೇಡ್ ನಡೆದದ್ದು ಆಗ, 1943ರಲ್ಲಿ. ಪೋರ್ಟ್ ಕೋಲ್ಬೋರ್ನ್ ಅನ್ನುವ ಸಣ್ಣ ಊರಿನ ಟೆಡ್ ಕೆನಡಿ ಅನ್ನುವ ಹುಡುಗನ ಹಕ್ಕು ಮಾಂಟ್ರಿಯಲ್ ತಂಡದ ಹತ್ತಿರ ಇತ್ತು. ಹದಿನಾರನೇ ವಯಸ್ಸಿಗೆ ಮಾಂಟ್ರಿಯಲ್‌ಗೆ ಹೋಗಿದ್ದವನು, ಮನೆ ನೆನಪು ತಡೆಯಲಾರದೆ ವಾಪಸ್ ಬಂದಿದ್ದ. (ಮೊದಲ ಸೆಮಿಸ್ಟರ್‌ನ ನಮ್ಮೆಲ್ಲರ ಕಥೆ.) ಸೆಲ್ಕಿ ಅವನನ್ನು ಪಡೆಯಲು ಫ್ರಾಂಕ್ ಎಡ್ಡೋಲ್ಸ್ ಅನ್ನುವ ಯುವ ಡಿಫೆನ್ಸ್ ಆಟಗಾರನನ್ನು ಮಾಂಟ್ರಿಯಲ್‌ಗೆ ಕೊಟ್ಟುಬಿಟ್ಟರು. ಎಡ್ಡೋಲ್ಸ್ ಆಗ ವಾಯುಪಡೆಯಲ್ಲಿದ್ದ.

ಸುದ್ದಿ ತಿಳಿದ ಸ್ಮೈಥ್ ಕೆಂಡವಾದರು. ಅವರ ಸಿಟ್ಟಿಗೆ ಕಾರಣ ಇಲ್ಲದಿರಲಿಲ್ಲ. ಎಡ್ಡೋಲ್ಸ್ ಮೇಲೆ ಅವರಿಗೆ ದೊಡ್ಡ ನಿರೀಕ್ಷೆ ಇತ್ತು. ಸಮವಸ್ತ್ರದಲ್ಲಿರುವ ಹುಡುಗನನ್ನು ಅವನ ಬೆನ್ನ ಹಿಂದೆ ಮಾರಿದ್ದು ಅವರಂಥ ಸೈನಿಕನಿಗೆ ಹಿಡಿಸಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ತನ್ನನ್ನು ಕೇಳಲಿಲ್ಲವಲ್ಲ ಅನ್ನುವ ನೋವು. ಆ ಟ್ರೇಡ್ ರದ್ದು ಮಾಡಿಸಬೇಕು ಅಂತ ಪಟ್ಟು ಹಿಡಿದರು. ಆಗಲಿಲ್ಲ.

1944ರ ಜುಲೈನಲ್ಲಿ ಫ್ರಾನ್ಸಿನ ನಾರ್ಮಂಡಿಯಲ್ಲಿ ಸ್ಮೈಥ್ ತೀವ್ರವಾಗಿ ಗಾಯಗೊಂಡರು. ಊರಿಗೆ ಬಂದವರೇ, ರಣರಂಗಕ್ಕೆ ತರಬೇತಿ ಸಾಲದ ಹುಡುಗರನ್ನು ಕಳಿಸುತ್ತಿದ್ದಾರೆ ಅಂತ ಪತ್ರಿಕೆಯಲ್ಲಿ ಬಹಿರಂಗವಾಗಿ ಹೇಳಿದರು. ಕಡ್ಡಾಯ ಸೇನಾ ಸೇವೆಯ ವಿವಾದ ಕೆನಡಾ ಸರ್ಕಾರವನ್ನೇ ಅಲ್ಲಾಡಿಸಿತು. ಆಸ್ಪತ್ರೆಯ ಹಾಸಿಗೆಯಿಂದಲೂ ಮೇಲಿನವರನ್ನು ಪ್ರಶ್ನೆ ಮಾಡಿದ ಮನುಷ್ಯ ಅವರು. ಆದರೆ ತನ್ನ ಕೈಕೆಳಗಿನವರು ತನ್ನನ್ನು ಕೇಳದೆ ಒಂದು ನಿರ್ಧಾರ ತಗೊಂಡರೆ ಮಾತ್ರ ಸಹಿಸಲಾರರು.

ಇತ್ತ ಕೆನಡಿ ಏನಾದ? 1945ರಲ್ಲಿ ಕಪ್. 1947, 1948, 1949ರಲ್ಲಿ ಸತತ ಮೂರು. 1951ರಲ್ಲಿ ಮತ್ತೊಂದು. ಒಟ್ಟು ಐದು ಕಪ್, ಅದರಲ್ಲಿ ಕೊನೆಯ ಎರಡಕ್ಕೆ ಅವನೇ ಕ್ಯಾಪ್ಟನ್. ಲೀಫ್ಸ್ ಚರಿತ್ರೆಯ ಅತ್ಯುತ್ತಮ ಟ್ರೇಡ್ ಯಾವುದು ಅಂತ ಪಟ್ಟಿ ಮಾಡಿದರೆ ಇದನ್ನು ಬಿಡುವ ಹಾಗೇ ಇಲ್ಲ. ಕೊನೆಗೆ ಸ್ಮೈಥ್ ಅವರೇ ಕೆನಡಿಯ ಛಲವನ್ನು ಬಾಯ್ತುಂಬ ಹೊಗಳಿದರು.

ಆದರೆ ಅಷ್ಟರಲ್ಲಿ ತಡವಾಗಿತ್ತು. ಕೆನಡಿಯನ್ನು ಒಪ್ಪಿದ ಸ್ಮೈಥ್‌ಗೆ ಅವನನ್ನು ತಂದವರನ್ನು ಒಪ್ಪಲು ಆಗಲಿಲ್ಲ. ಸೆಲ್ಕಿ ತನ್ನ ಕುರ್ಚಿಗೆ ಕಣ್ಣು ಹಾಕಿದ್ದಾರೆ ಅನ್ನುವ ಅನುಮಾನವೂ ಸೇರಿಕೊಂಡಿತು. 1946ರಲ್ಲಿ ಸೆಲ್ಕಿ ರಾಜೀನಾಮೆ ಕೊಟ್ಟು ಹೊರನಡೆದರು. ಕೆಲವೇ ತಿಂಗಳಲ್ಲಿ ಅವರು ಮಾಂಟ್ರಿಯಲ್ ತಂಡದ ಜನರಲ್ ಮ್ಯಾನೇಜರ್.

ಮೊದಲ ಕೆಲವು ವರ್ಷ ಸ್ಮೈಥ್ ಅವರೇ ಗೆದ್ದ ಹಾಗೆ ಕಂಡಿತು. 1947ರ ನವೆಂಬರ್‌ನಲ್ಲಿ ಅವರು ಎಲ್ಲರ ಬಾಯಿ ಮುಚ್ಚಿಸುವಂಥ ಟ್ರೇಡ್ ಮಾಡಿದರು. ಹಿಂದಿನ ಎರಡು ಸೀಸನ್ ಅಂಕಪಟ್ಟಿಯಲ್ಲಿ ಮೊದಲಿಗನಾಗಿದ್ದ ಷಿಕಾಗೊದ ಮ್ಯಾಕ್ಸ್ ಬೆಂಟ್ಲಿಗೋಸ್ಕರ ಐದು ಜನರನ್ನು ಕೊಟ್ಟರು. ಮೂರು ಜನರ ಒಂದು ಇಡೀ ಫಾರ್ವರ್ಡ್ ಸಾಲು, ಜೊತೆಗೆ ಇಬ್ಬರು ಡಿಫೆನ್ಸ್ ಆಟಗಾರರು. ಬೆಂಟ್ಲಿ ಜೊತೆ ಇನ್ನೊಬ್ಬ ಹೊಸಬ ಬಂದ, ಅಷ್ಟೆ. ಕಪ್ ಗೆದ್ದ ತಂಡದ ಐದು ಜನರನ್ನು ಕೊಡೋದು ಅಂದರೇನು! ಆದರೆ ಸ್ಮೈಥ್ ಲೆಕ್ಕ ಬೇರೆ. ಐದು ಜನ ಒಳ್ಳೆಯವರು ಬೆಂಚಿನ ಬಲ, ಒಬ್ಬ ಅಸಾಮಾನ್ಯನು ಕಪ್. ಅದಾದ ಮೇಲೆ ಲೀಫ್ಸ್ ನಾಲ್ಕು ಸೀಸನ್‌ನಲ್ಲಿ ಮೂರು ಸಲ ಗೆದ್ದರು. ಷಿಕಾಗೊ ಆ ಸೀಸನ್ ಮುಗಿಸಿದ್ದು ಕೊನೆಯ ಸ್ಥಾನದಲ್ಲಿ.

ಅತ್ತ ಮಾಂಟ್ರಿಯಲ್‌ನಲ್ಲಿ ಸೆಲ್ಕಿ ನಿಧಾನವಾಗಿ ಸಣ್ಣ ಹುಡುಗರನ್ನು ಹುಡುಕಿ, ಬೆಳೆಸಿ, ಕಾಯುತ್ತಿದ್ದರು. 1953ರಲ್ಲಿ ಕಪ್ ಗೆದ್ದರು. ಆಮೇಲೆ 1956ರಿಂದ 1960ರವರೆಗೆ ಸತತ ಐದು. ಟೊರೊಂಟೊಗೆ 1951ರ ನಂತರ 1962ರವರೆಗೆ ಒಂದೂ ಇಲ್ಲ. ನಮ್ಮನ್ನು ಕೇಳಿದರೆ, ಸ್ಮೈಥ್ ಜೀವನದ ಅತಿ ಕೆಟ್ಟ ಟ್ರೇಡ್ ಇದೇ. ಸೆಲ್ಕಿಯನ್ನು ಎದುರಾಳಿಗೆ ಕೊಟ್ಟರು, ಬದಲಿಗೆ ಏನನ್ನೂ ಪಡೆಯಲಿಲ್ಲ. ಆ ಕಾಲದ ಟ್ರೇಡ್ ಪಟ್ಟಿಗಳಲ್ಲಿ ಇದು ಸಿಗುವುದಿಲ್ಲ, ಯಾಕಂದರೆ ಇದಕ್ಕೆ ಯಾವ ಕಾಗದಕ್ಕೂ ಸಹಿ ಬಿದ್ದಿರಲಿಲ್ಲ.

ಕೊನೆಯ ವರ್ಷಗಳಲ್ಲಿ ಆ ಹಟ ಇನ್ನಷ್ಟು ಗಟ್ಟಿಯಾಯಿತು. 1957ರಲ್ಲಿ ಆಟಗಾರರು ಸಂಘ ಕಟ್ಟಿಕೊಳ್ಳಲು ಹೊರಟಾಗ ಸ್ಮೈಥ್ ಉಗ್ರವಾಗಿ ವಿರೋಧಿಸಿದರು. ಅದರಲ್ಲಿ ಮುಂದಿದ್ದ ಲೀಫ್ಸ್ ಕ್ಯಾಪ್ಟನ್ ಜಿಮ್ಮಿ ಥಾಮ್ಸನ್ ಅದೇ ವರ್ಷ ಷಿಕಾಗೊ ಪಾಲಾದರು. ಕಾರ್ಮಿಕರ ಒಪ್ಪಿಗೆಯ ಮೇಲೆ ಕಟ್ಟಿದ ಗಾರ್ಡನ್ಸ್‌ನಲ್ಲೇ ಇದು ನಡೆಯಿತು ಅನ್ನೋದು ಬೇಜಾರಿನ ಸಂಗತಿ. ಇದನ್ನು ನಾವು ಆಟದ ಲೆಕ್ಕದಲ್ಲಿ ಕ್ಷಮಿಸಲಾರೆವು. 1961ರಲ್ಲಿ ತಂಡದ ಹಿಡಿತವನ್ನು ಮಗ ಸ್ಟ್ಯಾಫರ್ಡ್‌ಗೆ ಮಾರಿದರು. ಅದರಲ್ಲಿ ಇನ್ನಿಬ್ಬರು ಪಾಲುದಾರರೂ ಸೇರಿಕೊಂಡರು. 1966ರಲ್ಲಿ ಗಾರ್ಡನ್ಸ್‌ನಲ್ಲಿ ಮಹಮ್ಮದ್ ಅಲಿಯ ಬಾಕ್ಸಿಂಗ್ ಪಂದ್ಯ ಇಟ್ಟಾಗ, ಯುದ್ಧಕ್ಕೆ ಹೋಗುವುದಿಲ್ಲ ಅಂದವನಿಗೆ ಇಲ್ಲಿ ಜಾಗ ಕೂಡದು ಅಂತ ನಿರ್ದೇಶಕ ಸ್ಥಾನವನ್ನೂ ಬಿಟ್ಟರು. ಅಂಗವಿಕಲ ಮಕ್ಕಳಿಗಾಗಿ ದುಡ್ಡು ಕೂಡಿಸುವುದರಲ್ಲಿ ಮತ್ತು ಕುದುರೆಗಳ ಜೊತೆ ಉಳಿದ ಕಾಲ ಕಳೆದರು. 1980ರ ನವೆಂಬರ್ 18ರಂದು, 85ನೇ ವಯಸ್ಸಿನಲ್ಲಿ ತೀರಿಕೊಂಡರು.

ಇವತ್ತು ಪ್ಲೇಆಫ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಪ್ರಶಸ್ತಿಯ ಹೆಸರು ಕಾನ್ ಸ್ಮೈಥ್ ಟ್ರೋಫಿ. 1965ರಲ್ಲಿ ಅದು ಮೊದಲ ಸಲ ಹೋಗಿದ್ದು ಮಾಂಟ್ರಿಯಲ್‌ನ ಜೀನ್ ಬೆಲಿವೊಗೆ. ಅವನನ್ನು ಮಾಂಟ್ರಿಯಲ್‌ಗೆ ತಂದವರು ಸೆಲ್ಕಿ! ರಕ್ಷಣೆಯಲ್ಲಿ ಮಿಂಚುವ ಫಾರ್ವರ್ಡ್ ಆಟಗಾರನಿಗೆ ಕೊಡುವುದು ಫ್ರಾಂಕ್ ಸೆಲ್ಕಿ ಟ್ರೋಫಿ. ಬದುಕಿದ್ದಾಗ ಒಂದೇ ಆಫೀಸಿನಲ್ಲಿ ಇರಲಾಗದ ಇಬ್ಬರ ಹೆಸರೂ ಈಗ ಒಂದೇ ಲೀಗಿನಲ್ಲಿ ಪ್ರತಿ ವರ್ಷ ಕೇಳಿಬರುತ್ತದೆ.

ಕಾರ್ಲ್‌ಟನ್ ಬೀದಿಯಲ್ಲಿ ಗಾರ್ಡನ್ಸ್ ಕಟ್ಟಡ ಇನ್ನೂ ಇದೆ. ಮೇಲೆ ವಿಶ್ವವಿದ್ಯಾಲಯದ ಐಸ್ ರಿಂಕ್, ಕೆಳಗೆ ಲಾಬ್ಲಾಸ್ ಅಂಗಡಿ. ನಾವು ಎಷ್ಟೋ ಶನಿವಾರ ಅಲ್ಲಿ ಹಾಲು, ಮೊಸರು, ಈರುಳ್ಳಿ ತಂದಿದ್ದೇವೆ. ಅಂಗಡಿಯ ನೆಲದಲ್ಲಿ ಒಂದು ಕೆಂಪು ಚುಕ್ಕೆ ಇದೆ. ಹಳೆಯ ರಿಂಕ್‌ನ ನಟ್ಟನಡುವಿನ ಗುರುತು ಅದು. ಮೊದಲು ನಮಗೆ ಗೊತ್ತಿರಲಿಲ್ಲ, ಅದರ ಮೇಲೇ ಟ್ರಾಲಿ ತಳ್ಳಿಕೊಂಡು ಹೋಗುತ್ತಿದ್ದೆವು.

1967ರಿಂದ ಟೊರೊಂಟೊಗೆ ಕಪ್ ಬಂದಿಲ್ಲ, ಹಾಗಾಗಿ ಜನರಲ್ ಮ್ಯಾನೇಜರ್‌ಗಳಿಗೆ ಬೈಗುಳ ತಪ್ಪಿಲ್ಲ. ನಾವೂ ಬೈಯುವುದನ್ನು ಬಿಡುವುದಿಲ್ಲ. ಆದರೆ ಮುಂದಿನ ಟ್ರೇಡ್ ಸುದ್ದಿ ಬಂದಾಗ ಕೊಟ್ಟಿದ್ದು ಯಾರನ್ನ, ತಂದಿದ್ದು ಯಾರನ್ನ ಅಂತ ನೋಡುವುದರ ಜೊತೆಗೆ ಇನ್ನೊಂದನ್ನೂ ಕೇಳೋಣ. ಆ ಆಫೀಸಿನಲ್ಲಿ ಬಾಸ್ ಬೇಡ ಅಂದಿದ್ದನ್ನು ಸರಿಯಾಗಿ ಮಾಡಿದವರು ಇದ್ದಾರಾ, ಅವರನ್ನು ಉಳಿಸಿಕೊಂಡಿದ್ದಾರಾ? ನಾಳೆ ನಾವೂ ಯಾವುದೋ ಕಂಪನಿಯಲ್ಲಿ ನಾಲ್ಕು ಜನರ ತಂಡ ನಡೆಸುವವರೇ. ನಮ್ಮನ್ನು ಕೇಳದೆ ಒಬ್ಬ ಒಳ್ಳೆಯ ಕೆಲಸ ಮಾಡಿಬಿಟ್ಟರೆ ಏನು ಮಾಡುತ್ತೇವೆ ಅಂತ ಈಗಲೇ ಯೋಚಿಸಿಟ್ಟುಕೊಳ್ಳೋಣ.