ಅತ್ತಿಮಬ್ಬೆ ಬರೆಯಿಸಿದ ಸಾವಿರ ಪ್ರತಿಗಳು

ಚಾಲುಕ್ಯ ಚಕ್ರವರ್ತಿ ತೈಲಪನ ಸೇನಾನಿ ನಾಗದೇವನು ಅಕಾಲದಲ್ಲಿ ಮಡಿದಾಗ ಅವನ ಇಬ್ಬರು ಪತ್ನಿಯರು ಎರಡು ಬೇರೆ ದಾರಿಗಳನ್ನು ಹಿಡಿದರು. ಇಬ್ಬರೂ ಒಡಹುಟ್ಟಿದವರು, ದಂಡನಾಯಕ ಮಲ್ಲಪಯ್ಯನ ಹೆಣ್ಣುಮಕ್ಕಳು. ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅಕ್ಕ ಅತ್ತಿಮಬ್ಬೆ ಉಳಿದಳು. ಪತಿಯನ್ನೂ ತಂಗಿಯನ್ನೂ ಒಟ್ಟಿಗೆ ಕಳೆದುಕೊಂಡ ಆಕೆಯ ಮೇಲೆ ಒಬ್ಬನೇ ಮಗ ಅಣ್ಣಿಗದೇವನನ್ನು ಬೆಳೆಸುವ ಹೊಣೆಯಿತ್ತು.

ಉಳಿಯುವುದು ಸುಲಭದ ದಾರಿಯಾಗಿರಲಿಲ್ಲ. ವೀರನ ಮಡದಿಗೆ ಚಿತೆಯೇರುವುದೇ ಕೀರ್ತಿಯೆಂದು ಲೋಕ ಕೊಂಡಾಡುತ್ತಿದ್ದ ಕಾಲವದು. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಧರ್ಮವೆಂದು ಭಾವಿಸಿ ಬೆಂಕಿಗೆ ಬೀಳುವುದನ್ನು ಲೋಕಮೂಢತೆಗಳಲ್ಲಿ ಎಣಿಸಿದ್ದಾರೆ. ಪ್ರಿಯರನ್ನು ಅಗಲಿದ ದುಃಖವನ್ನೇ ಎಡೆಬಿಡದೆ ನೆನೆಯುವುದೂ ಆರ್ತಧ್ಯಾನವೇ. ಅದು ಜೀವವನ್ನು ಕರ್ಮಬಂಧಕ್ಕೆ ಇನ್ನಷ್ಟು ಬಿಗಿಯುತ್ತದೆ. ಹಾಗೆಂದು ಗುಂಡಮಬ್ಬೆಯನ್ನು ಹಳಿಯುವುದು ಸಲ್ಲದು. ಅಕ್ಕನಿಗೆ ಎದುರಾದದ್ದು ಬೇರೆಯದೇ ಕಷ್ಟ: ದುಃಖ ಅಳಿಯದಿರುವಾಗಲೂ ದಿನದಿನವೂ ಮಾಡಬೇಕಾದ ಕೆಲಸವನ್ನು ಕಂಡುಕೊಳ್ಳುವುದು.

ಆಕೆ ವ್ರತೋಪವಾಸಗಳಿಂದ ದೇಹವನ್ನು ದಂಡಿಸಿದಳು, ಸಂಪತ್ತನ್ನು ದಾನಕ್ಕೆ ತೆರೆದಳು. ರತ್ನಖಚಿತವಾದ 1500 ಜಿನಬಿಂಬಗಳನ್ನು ಮಾಡಿಸಿ ಹಂಚಿದಳು. ಆಹಾರ, ಅಭಯ, ಔಷಧ, ಶಾಸ್ತ್ರವೆಂಬ ನಾಲ್ಕು ದಾನಗಳಲ್ಲಿ ಆಕೆಯ ಹೆಸರನ್ನು ಎಲ್ಲಕ್ಕಿಂತ ಹೆಚ್ಚು ಉಳಿಸಿದ್ದು ಶಾಸ್ತ್ರದಾನ. ತಂದೆ ಮಲ್ಲಪಯ್ಯ ಮತ್ತು ಚಿಕ್ಕಪ್ಪ ಪೊನ್ನಮಯ್ಯ ಇಬ್ಬರೂ ಸೇರಿ ಪೊನ್ನಕವಿಯಿಂದ ಶಾಂತಿಪುರಾಣವನ್ನು ಬರೆಯಿಸಿದ್ದರು. ಅತ್ತಿಮಬ್ಬೆ ಅದರ ಸಾವಿರ ಪ್ರತಿಗಳನ್ನು ಮಾಡಿಸಿ ದಾನವಿತ್ತಳು. ಅಚ್ಚಿನ ಮೊಳೆ ಕಾಣದ ನಾಡಿನಲ್ಲಿ ಇದೆಂತಹ ಸಾಹಸ! ತಾಳೆಗರಿಯನ್ನು ಹದಮಾಡಬೇಕು, ಲಿಪಿಕಾರರು ಕಂಠದಿಂದ ಅಕ್ಷರ ಅಕ್ಷರವಾಗಿ ಕೊರೆಯಬೇಕು, ಮಸಿ ತೊಡೆಯಬೇಕು, ದಾರ ಪೋಣಿಸಿ ಕಟ್ಟಬೇಕು. ಹೀಗೆ ಒಂದಲ್ಲ, ಹತ್ತಲ್ಲ, ಸಾವಿರ ಬಾರಿ. ಇದು ಭಾವಾವೇಶದಲ್ಲಿ ಒಂದು ದಿನ ಮಾಡಿ ಮುಗಿಸುವ ಪುಣ್ಯವಲ್ಲ.

ರನ್ನಕವಿಗೆ ಆಶ್ರಯವಿತ್ತು ಅಜಿತಪುರಾಣವನ್ನು ಬರೆಯಿಸಿದವಳೂ ಆಕೆಯೇ. 993ರಲ್ಲಿ ಪೂರ್ಣಗೊಂಡ ಆ ಕಾವ್ಯದಲ್ಲಿ ಕವಿ ತೀರ್ಥಂಕರರ ಚರಿತೆಯ ಜೊತೆಗೆ ಈ ಶ್ರಾವಕಿಯ ಚರಿತೆಯನ್ನೂ ಹೇಳಿ, ಆಕೆಯನ್ನು ದಾನಚಿಂತಾಮಣಿಯೆಂದು ಕೊಂಡಾಡಿದ್ದಾನೆ. ಅಷ್ಟಕ್ಕೆ ಆಕೆ ವಿರಮಿಸಲಿಲ್ಲ. ಹದಿನಾಲ್ಕು ವರ್ಷಗಳ ಬಳಿಕ, 1007ರಲ್ಲಿ, ಇರಿವಬೆಡಂಗ ಸತ್ಯಾಶ್ರಯನ ಆಳ್ವಿಕೆಯಲ್ಲಿ ಲಕ್ಕುಂಡಿಯ ಬಸದಿಯನ್ನು ಕಟ್ಟಿಸಿದಳು. ಅಷ್ಟರಲ್ಲಿ ಮಗನು ಬೆಳೆದು ನಾಡನ್ನಾಳುವ ಅಧಿಕಾರಿಯಾಗಿದ್ದ. ಅಲ್ಲಿನ ಶಾಸನವು ಆಕೆಯ ಮಹಿಮೆಗಳನ್ನು ಹಾಡುತ್ತದೆ. ಗೊಮ್ಮಟೇಶ್ವರನ ದರ್ಶನಕ್ಕೆ ಬೆಟ್ಟವೇರಿ ಬಳಲಿದವಳಿಗೆ ಅಕಾಲದಲ್ಲಿ ಮಳೆ ಸುರಿಯಿತೆಂಬ ನಂಬಿಕೆ ಭಕ್ತರಲ್ಲಿ ಇಂದಿಗೂ ಜೀವಂತವಾಗಿದೆ.

ಗೆದ್ದಲು ಮತ್ತು ತೇವಕ್ಕೆ ಸಿಕ್ಕಿ ಹಳಗನ್ನಡದ ಎಷ್ಟೋ ಕೃತಿಗಳು ಅಳಿದವು. ಪೊನ್ನನದೇ ಭುವನೈಕರಾಮಾಭ್ಯುದಯವು ಇಂದು ಲಭ್ಯವಿಲ್ಲ. ಶಾಂತಿಪುರಾಣ ಉಳಿದಿದೆ.