ಗುಮ್ಮಟ ಬರೆದ ಸಹೋದರ ಆಂದ್ರೆಯಾ ಪೊಝೊ

ದೇವಾಲಯ ಕಟ್ಟುವವರಿಗೆ ಹಣದ ಕೊರತೆ ಇಂದು ನಿನ್ನೆಯದಲ್ಲ. ರೋಮಾಪುರಿಯಲ್ಲಿಯೇ ಸಂತ ಇಗ್ನೇಷಿಯಸರ ದೇವಾಲಯವು ಗುಮ್ಮಟವಿಲ್ಲದೆ ಉಳಿಯಿತು. ಜಗದ್ಗುರು ಹದಿನೈದನೆಯ ಗ್ರೆಗೊರಿಯವರು 1622ರಲ್ಲಿ ಇಗ್ನೇಷಿಯಸರಿಗೆ ಸಂತಪದವಿಯನ್ನಿತ್ತರು. ಜಗದ್ಗುರುಗಳ ಸೋದರನ ಮಗ ಕಾರ್ಡಿನಲ್ ಲುದೊವಿಸಿಯವರ ಧನಸಹಾಯದಿಂದ 1626ರಲ್ಲಿ ಕಟ್ಟಡ ಆರಂಭವಾಯಿತು. ನಕ್ಷೆಯಲ್ಲಿದ್ದ ಗುಮ್ಮಟ ಮಾತ್ರ ಮೇಲೇಳಲಿಲ್ಲ. ಆ ಬರಿದಾದ ಜಾಗವನ್ನು ತುಂಬಿದವರು ಗುರುದೀಕ್ಷೆ ಪಡೆಯದ ಒಬ್ಬ ಸಹೋದರರು.

ಆಂದ್ರೆಯಾ ಪೊಝೊ 1642ರಲ್ಲಿ ಉತ್ತರ ಇಟಲಿಯ ತ್ರೆಂತೊ ನಗರದಲ್ಲಿ ಜನಿಸಿದರು. ಚಿತ್ರಕಲೆಯನ್ನು ಕಲಿತು, 1665ರಲ್ಲಿ ಯೇಸುಸಭೆಯನ್ನು ಸೇರಿ, ಕೊನೆಯವರೆಗೂ ಸಹೋದರರಾಗಿಯೇ ಉಳಿದರು. ಮೊಂದೊವಿಯ ದೇವಾಲಯದಲ್ಲಿ ಅವರ ಕೈಚಳಕವು ಪ್ರಸಿದ್ಧವಾಗಲು, 1681ರಲ್ಲಿ ರೋಮಿನಿಂದ ಕರೆಬಂದಿತು.

1685ರಲ್ಲಿ ಅವರು ದೊಡ್ಡ ಬಟ್ಟೆಯೊಂದರ ಮೇಲೆ ಗುಮ್ಮಟವನ್ನೇ ಚಿತ್ರಿಸಿ ಆ ತೆರವಿಗೆ ಹೊದಿಸಿದರು. ಬಾಗಿಲಿನಿಂದ ಬರುವವನಿಗೆ ಕಂಬಗಳೂ ಕಿಟಕಿಗಳೂ ಉಳ್ಳ ನಿಜವಾದ ಗುಮ್ಮಟ ಕಾಣುವುದು. ಹತ್ತಿರ ಸಾಗಿದಂತೆ ಅದು ವಕ್ರವಾಗುವುದು. ಚಾಚುಕಲ್ಲುಗಳ ಮೇಲೆ ನಿಂತ ಆ ಚಿತ್ರದ ಕಂಬಗಳು ಭಾರ ತಾಳಲಾರವೆಂದು ಕೆಲವು ಶಿಲ್ಪಿಗಳು ಆಕ್ಷೇಪಿಸಿದರಂತೆ! ಬಣ್ಣದ ಕಂಬ ಕುಸಿಯುವುದೆಂಬ ಚಿಂತೆಗೆ ನಾವೇನು ಹೇಳೋಣ?

ಆ ಬಳಿಕ ನಡುಮನೆಯ ಕಮಾನು ಚಾವಣಿಯ ಸರದಿ. ಹುರಿಗಳ ಬಲೆಯನ್ನು ಕಟ್ಟಿ, ಕೆಳಗೆ ದೀಪವನ್ನಿಟ್ಟು, ಬಲೆಯ ನೆರಳನ್ನು ಬಾಗಿದ ಚಾವಣಿಯ ಮೇಲೆ ಮೂಡಿಸಿ ಅಳತೆ ಗುರುತಿಸುವ ವಿಧಾನವನ್ನು ಅವರೇ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. 1694ರಲ್ಲಿ ಮುಗಿದ ಈ ಚಿತ್ರದಲ್ಲಿ ಗೋಡೆಗಳು ಆಕಾಶಕ್ಕೇರಿ ತೆರೆದುಕೊಂಡಿವೆ. ಪಿತನಿಂದ ಹೊರಟ ಬೆಳಕು ಸುತನಿಗೂ, ಸುತನಿಂದ ಇಗ್ನೇಷಿಯಸರ ಹೃದಯಕ್ಕೂ, ಅಲ್ಲಿಂದ ನಾಲ್ಕು ಭೂಖಂಡಗಳಿಗೂ ಹರಿಯುತ್ತದೆ. ಏಷ್ಯಾ ಒಂಟೆಯನ್ನೇರಿದ ಸ್ತ್ರೀ. ಎಲ್ಲವೂ ನೆಟ್ಟಗೆ ಕಾಣುವುದು ನೆಲದ ಒಂದೇ ಬಿಂದುವಿನಿಂದ. ಅಲ್ಲಿ ಅಮೃತಶಿಲೆಯ ಬಿಲ್ಲೆಯೊಂದಿದೆ. ಇದು ದೋಷವೆಂದು ಟೀಕಿಸಿದವರಿದ್ದರು. ಪೊಝೊ ಬಿಂದುವನ್ನು ಬದಲಿಸಲಿಲ್ಲ. ಗೆರೆಗಳೆಲ್ಲ ದೇವರ ಮಹಿಮೆಯೆಂಬ ಒಂದೇ ಬಿಂದುವಿಗೆ ಸೇರಬೇಕೆಂಬುದು ಅವರ ನಿಲುವಾಗಿತ್ತು. ಚಿತ್ರಕಾರರಾಗಿ ಮಾತ್ರವಲ್ಲದೆ ಸಂನ್ಯಾಸಿಯಾಗಿಯೂ ಅವರು ಹಾಗೆಯೇ ಬಾಳಿದರೆಂದು ನಾವು ಭಾವಿಸುತ್ತೇವೆ.

ಜೆಸು ದೇವಾಲಯದಲ್ಲಿ ಸಂತ ಇಗ್ನೇಷಿಯಸರ ಪೀಠವನ್ನೂ, ಈ ದೇವಾಲಯದಲ್ಲಿಯೇ ಸಂತ ಅಲೋಶಿಯಸರ ಪೀಠವನ್ನೂ ಅವರು ರಚಿಸಿದರು. ಎರಡೂ ಮುಗಿದದ್ದು 1699ರಲ್ಲಿ. ಅದೇ ಅಲೋಶಿಯಸರ ಹೆಸರಿನ ಮಂಗಳೂರಿನ ಕಾಲೇಜು ಪ್ರಾರ್ಥನಾಲಯವನ್ನು ಎರಡು ಶತಮಾನಗಳ ತರುವಾಯ ಚಿತ್ರಗಳಿಂದ ತುಂಬಿದ ಆಂತೋನಿಯೊ ಮೊಸ್ಕೇನಿಯವರೂ ಯೇಸುಸಭೆಯ ಸಹೋದರರೇ. ಅಲ್ಲಿ ತಲೆಯೆತ್ತಿ ನೋಡಿದವರಿಗೆ ಪೊಝೊ ಪೂರ್ತಿ ಅಪರಿಚಿತರಲ್ಲ.

ಚಕ್ರವರ್ತಿ ಲಿಯೊಪೋಲ್ಡರ ಕರೆಯಂತೆ, ಅರವತ್ತು ದಾಟುವ ವಯಸ್ಸಿನಲ್ಲಿ, ಪೊಝೊ ವಿಯೆನ್ನಾಕ್ಕೆ ತೆರಳಿದರು. ಅಲ್ಲಿನ ಯೇಸುಸಭೆಯ ದೇವಾಲಯವನ್ನು ನವೀಕರಿಸಿ, ಅದರ ಚಾವಣಿಯಲ್ಲಿಯೂ ಇಲ್ಲದ ಗುಮ್ಮಟವನ್ನು ಬರೆದರು. 1709ರ ಆಗಸ್ಟ್ 31ರಂದು ಆ ನಗರದಲ್ಲಿಯೇ ದೈವಾಧೀನರಾದರು. ಅವರ ದೇಹವನ್ನು ಆ ದೇವಾಲಯದಲ್ಲಿಯೇ ಭೂಸ್ಥಾಪನೆ ಮಾಡಲಾಯಿತು.